ಮುಂಬಯಿಗೆ ಬರೆದ ಉತ್ತರ

ಮುಂಬಯಿಯಿಂದ ರಿಜಿಸ್ಟರ್ ಪತ್ರ ಬಂದಾಗ ಕಾಶೆವ್ವನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಅಂಚೆಯ ಅಲ್ಲಾಸಾಬ ಬಾಗಿಲಲ್ಲೇ ನಿಂತು, "ಸಹಿ ಬೇಕ್ರಿ, ಯಾರ ಬರ್ತೀರಿ ಬರ್ರಿ," ಎಂದು ಕೂಗಿದ. ಅಪ್ಪ ಮಲಕಪ್ಪ ಕಾಗದದ ಗಿರಣಿಯ ಮೊದಲ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಅಣ್ಣ ಪರಸಪ್ಪ ರಾತ್ರಿ ಪಾಳಿ ಮಾಡಿ ಬಂದು ಮುಸುಕೆಳೆದು ಮಲಗಿದ್ದ. ಅವನನ್ನು ಎಬ್ಬಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅತ್ತಿಗೆ ಗೋದುಬಾಯಿ ಏಳು ತಿಂಗಳ ಬಸುರಿ. ಅವ್ವ ತೀರಿಕೊಂಡ ಮೇಲೆ ಮನೆಗೆ ಬಂದು ನಿಂತಿದ್ದ ಅಪ್ಪನ ಅಕ್ಕ ಮಹಾದೇವಕ್ಕನಿಗೆ ಸಹಿ ಬಾರದು. ಕಾಶೆವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಸಹಿ ಹಾಕಿ, ಪತ್ರ ಒಡೆದು ಓದುವಷ್ಟರಲ್ಲಿ ಹಂಚಿನ ಮೇಲಿದ್ದ ರೊಟ್ಟಿ ಸೀದು ಕರ್ರಗಾಯಿತು.

"ರೊಟ್ಟಿ ಹೋತು," ಎಂದಳು ಮಹಾದೇವಕ್ಕ.

"ಹೋಗ್ಲಿ ಬಿಡ ಅತ್ತಿ! ನನ್ನ ತಗೊಂಡಾರ! ಮುಂಬಯಿಯವರು ನನ್ನ ತಗೊಂಡಾರ!"

"ಮೆಲ್ಲಕ ಮಾತಾಡು, ನಿಮ್ಮಣ್ಣ ಎದ್ದಾನು."

ಪರಸಪ್ಪ ಎದ್ದೇಬಿಟ್ಟ. ಮಧ್ಯಾಹ್ನ ಎರಡೂವರೆಗೆ ಮಲಕಪ್ಪನೂ ಬಂದ. ಗಿರಣಿ ಪಾಳಿಗಳ ದೆಸೆಯಿಂದ ವಾರಕ್ಕೊಮ್ಮೆ ಕೂಡ ಐವರೂ ಒಟ್ಟಿಗೆ ಉಣ್ಣುವುದಿಲ್ಲದ ಮನೆಯಲ್ಲಿ ಅಂದು ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಸೀದ ರೊಟ್ಟಿಯನ್ನೂ ಹಂಚಿಕೊಂಡು ತಿಂದರು. ಪತ್ರವನ್ನು ಕಾಶೆವ್ವ ಮೂರು ಸಲ ಕನ್ನಡದಲ್ಲಿ ಓದಿ ಹೇಳಿದಳು. ಮುಂಬಯಿಯ ಗಣಿತ ಸಂಸ್ಥೆಯಲ್ಲಿ ಐದು ವರ್ಷದ ಸಂಶೋಧನೆಯ ಸ್ಥಾನ. ತಿಂಗಳಿಗೆ ಇನ್ನೂರೈವತ್ತು ರೂಪಾಯಿ, ಇರಲು ಹಾಸ್ಟೆಲಿನ ಕೋಣೆ. ಜುಲೈ ಒಂದಕ್ಕೆ ಸೇರಬೇಕು. ಮದುವೆಯಾಗದ ಹುಡುಗಿಯಾದ್ದರಿಂದ ತಂದೆಯ ಸಮ್ಮತಿಪತ್ರ ಜೂನ್ ಹದಿನೈದರೊಳಗೆ ಬರಬೇಕು.

"ಇನ್ನೂರೈವತ್ತು!" ಎಂದ ಪರಸಪ್ಪ. ಗಿರಣಿಯ ಬಿದಿರಿನ ಯಾರ್ಡಿನಲ್ಲಿ ಇಡೀ ತಿಂಗಳು ಮೈ ಮುರಿದರೆ ಅವನಿಗೆ ಅದರ ಅರ್ಧವೂ ಬರುತ್ತಿರಲಿಲ್ಲ. "ಮಾಡೂದೇನ ಅಲ್ಲಿ?"

ಈ ಪ್ರಶ್ನೆ ಆ ಮನೆಯಲ್ಲಿ ಹೊಸದಲ್ಲ. ದಾಂಡೇಲಿಯ ಗಿರಣಿ ಚಾಳಿನಲ್ಲಿ ಎಂ.ಎಸ್‌ಸಿ. ಮಾಡಿದ ಹುಡುಗಿ ಕಾಶೆವ್ವ ಒಬ್ಬಳೇ. ಹುಡುಗರೂ ಇರಲಿಲ್ಲ ಅನ್ನಿ. ಧಾರವಾಡದಲ್ಲಿ ಅವಳಿಗೆ ಕಲಿಸಿದ ಇನಾಮದಾರ ಸರ್ ಒಂದು ಲೆಕ್ಕ ಕೊಟ್ಟಿದ್ದರು. ಅದನ್ನು ಅವಳು ಒಂದೂವರೆ ವರ್ಷ ಅಡುಗೆಮನೆಯ ಮಣೆಯ ಮೇಲೆ, ಬಾವಿಯ ಸರದಿಯಲ್ಲಿ, ಅಳ್ನಾವರದ ರೈಲಿನಲ್ಲಿ ಬಿಡಿಸುತ್ತ ಕೂತು, ಕೊನೆಗೆ ಎಂಟು ಪುಟದ ಲೇಖನ ಮಾಡಿದ್ದಳು. ಅದು ಕಲಕತ್ತೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ನೋಡಿಯೇ ಮುಂಬಯಿಯವರು ಮಾರ್ಚ್ ತಿಂಗಳಲ್ಲಿ ಸಂದರ್ಶನಕ್ಕೆ ಕರೆದದ್ದು. ಅವಳೊಂದಿಗೆ ಪರಸಪ್ಪನೂ ಹೋಗಿ ಬಂದಿದ್ದ.

"ಒಂದು ಸಾಮಾನು ಅಲುಗಾಡಾಕ ಹತ್ತಿತು ಅಂತ ತಿಳಕೋ," ಎಂದಳು ಕಾಶೆವ್ವ. "ಆ ಅಲುಗಾಟ ತಾನ ಸಣ್ಣದಾಗಿ ನಿಂದ್ರತೈತೋ, ದೊಡ್ಡದಾಗಿ ಎಲ್ಲಾ ಕೆಡಸತೈತೋ, ಇಲ್ಲಾ ಹಂಗ ಸುತ್ತಕೋತನ ಇರತೈತೋ ಅಂತ ಮೊದಲ ಹೇಳೂದು. ಸಮೀಕರಣಾ ಬಿಡಸದನ."

"ಲೆಕ್ಕಾ ಬಿಡಸದನ ಉತ್ತರಾ ಹೇಳಾಕ ಇನ್ನೂರೈವತ್ತು ರೂಪಾಯಿ!" ಮಹಾದೇವಕ್ಕ ಗಲ್ಲಕ್ಕೆ ಕೈ ಇಟ್ಟಳು. "ಮುಂದ ಆಗೂದನ್ನ ಹೇಳಾಕ ಐನಾರು ಪಂಚಾಂಗ ತಗೊಂಡು ಬರ್ತಾರಲ್ಲ, ಎಂಟಾಣೆಕ್ಕ ಹೇಳ್ತಾರ."

ಎಲ್ಲರೂ ನಕ್ಕರು. ಮಲಕಪ್ಪ ಮಾತ್ರ ನಗಲಿಲ್ಲ. ಇಪ್ಪತ್ತು ಮೊಳದ ಉರುಳೆಗಳ ನಡುವೆ ಹಸಿ ಕಾಗದದ ಹಾಳೆ ಓಡುವುದನ್ನು ದಿನಕ್ಕೆ ಎಂಟು ತಾಸು ಕಣ್ಣಿಟ್ಟು ನೋಡುವ ಮನುಷ್ಯ ಅವನು.

"ಅಕಿ ಹೇಳೂದು ಖರೇ ಐತಿ," ಎಂದ. "ಉರುಳಿ ಒಂದೀಟು ನಡಗಿದ್ರ ಹಾಳಿ ನಡಗತೈತಿ. ಒಂದೊಂದು ನಡಗು ತಾನ ಅಡಗತೈತಿ. ಒಂದೊಂದು ಮುಂದ ಹೋಗಿ ಹಾಳಿ ಹರದ ಬಿಡತೈತಿ. ಎರಡೂ ಮೊದಲಿಗೆ ನೋಡಾಕ ಒಂದ ಥರಾ ಇರತಾವ. ಯಾವದು ಹರಿಯೂದು, ಯಾವದು ಅಡಗೂದು ಅಂತ ಹೇಳಾವಗ ಗಿರಣ್ಯಾಗೂ ಪಗಾರ ಜಾಸ್ತಿ ಕೊಡ್ತಾರ."

ಕಾಶೆವ್ವನ ಕಣ್ಣಿನಲ್ಲಿ ನೀರು ಬಂತು. ಅವಳ ವಿಷಯವನ್ನು ಇಷ್ಟು ಸರಾಗವಾಗಿ ಇನಾಮದಾರ ಸರ್ ಕೂಡ ಹೇಳಿರಲಿಲ್ಲ. ಅಪ್ಪನಿದ್ದಾನೆ, ಇನ್ನೇನು ಚಿಂತೆ ಎಂದುಕೊಂಡಳು.

"ಅಪ್ಪಾ, ಸಮ್ಮತಿಪತ್ರ ನಾ ಬರದು ಕೊಡ್ತೇನಿ, ನೀ ಸಹಿ ಹಾಕು. ಎರಡ ಸಾಲು ಅಷ್ಟ."

ಮಲಕಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಯಾಕ? ಅವರು ಕೇಳಿದ್ದು ನನ್ನನ್ನ. ನಾಕನೇತ್ತಾ ಕಲ್ತಾವ ನಾನು. ನನ್ನ ಮಗಳ ವಿಷಯದ ಪತ್ರಾ ನಾನ ಬರೀತೇನಿ."

ಹೆಮ್ಮೆಯ ಮಾತು ಎಂದು ಅವಳಿಗೆ ಅನಿಸಿತು. ಬರೆಯಲಿ ಬಿಡು ಎಂದು ಸುಮ್ಮನಾದಳು. ಆ ಸುಮ್ಮನಾದ ಗಳಿಗೆಯನ್ನು ಮುಂದೆ ಅವಳು ಎಷ್ಟು ಸಲ ಶಪಿಸಿದಳೋ ಲೆಕ್ಕವಿಲ್ಲ.

ಮಲಕಪ್ಪ ಎರಡು ದಿನ ಎರಡನೇ ಪಾಳಿಗೆ ಹೋಗುವ ಮುನ್ನ ಹೊರಗಿನ ಕಟ್ಟೆಯ ಮೇಲೆ ಕೂತು ಪತ್ರ ಬರೆದ. ಮಹಾದೇವಕ್ಕನನ್ನು ಹತ್ತಿರ ಕೂರಿಸಿಕೊಂಡು ಮೆಲ್ಲಗೆ ಓದಿ ಹೇಳಿದ. ಅವಳು ತಲೆದೂಗಿದಳು. ಗಿರಣಿಯ ಆಫೀಸಿನಲ್ಲಿ ಗೂಳಪ್ಪ ಎಂಬ ಗುಮಾಸ್ತನಿದ್ದ. ಅವನ ಕೈಕಾಲು ಹಿಡಿದು ಅದನ್ನು ಇಂಗ್ಲಿಷಿನಲ್ಲಿ ಬರೆಸಿ, ಟೈಪು ಮಾಡಿಸಿ, ರಿಜಿಸ್ಟರ್ ಮಾಡಿ ಬಂದ. "ಬರದೇನಿ ನೋಡವಾ," ಎಂದ ಮಗಳಿಗೆ. "ದೊಡ್ಡ ಮಂದಿಗೆ ಹೆಂಗ ಬರೀಬೇಕೋ ಹಂಗ ಬರದೇನಿ."

ಮೇ ತಿಂಗಳು ಧಗೆಯಲ್ಲಿ ಕಳೆಯಿತು. ಗೋದುಬಾಯಿಯ ಕಾಲು ಬಾತವು. ಅವಳಿಗೆ ಖಾನಾಪುರದ ತವರಿನಲ್ಲಿ ತಾಯಿ ಇಲ್ಲ, ಬಾಣಂತನ ಇಲ್ಲೇ ಆಗಬೇಕು. ನೀರು, ಸೌದೆ, ಬಟ್ಟೆ, ರೊಟ್ಟಿ ಎಲ್ಲ ಕಾಶೆವ್ವನ ತಲೆಗೆ ಬಂತು. ಬೆಳಗ್ಗೆ ಅಪ್ಪ ಮಲಗಿದ್ದರೆ ಮಧ್ಯಾಹ್ನ ಅಣ್ಣ ಮಲಗುತ್ತಿದ್ದ. ಎರಡು ಕೋಣೆಯ ಮನೆಯಲ್ಲಿ ಯಾರಾದರೂ ಒಬ್ಬರು ಯಾವಾಗಲೂ ನಿದ್ದೆಯಲ್ಲಿರುತ್ತಿದ್ದರು. ಕಾಶೆವ್ವ ಹಾಳೆ ತಿರುಗಿಸಿದರೂ "ಶ್!" ಎನ್ನುವಳು ಮಹಾದೇವಕ್ಕ. ಇನ್ನೊಂದು ತಿಂಗಳು ತಾನೇ ಎಂದು ಕಾಶೆವ್ವ ಹಲ್ಲುಕಚ್ಚಿ ದುಡಿದಳು.

ಜೂನ್ ಮೊದಲ ವಾರ ಪರಸಪ್ಪ ಊಟಕ್ಕೆ ಕೂತಾಗ ಒಂದು ಸುದ್ದಿ ತೆಗೆದ. "ಹಳಿಯಾಳದ ಹೆಣ್ಣುಮಕ್ಕಳ ಸಾಲ್ಯಾಗ ಲೆಕ್ಕದ ಅಕ್ಕೋರು ಬೇಕಾಗ್ಯಾರಂತ. ಹೆಡ್‌ಮಾಸ್ತರಿಗೆ ಮಾತಾಡಿ ಬಂದೇನಿ. ನೂರಾ ನಲವತ್ತು ಪಗಾರ. ಹತ್ತನೇ ತಾರೀಖಿಗೆ ಹಾಜರಾಗಬೇಕು."

"ನಾ ಮುಂಬಯಿಗೆ ಹೋಗಾಕಿ. ನಿನಗ ಯಾರು ಮಾತಾಡಂದ್ರು?"

"ಮುಂಬಯಿಯಿಂದ ತಿರುಗಿ ಏನೂ ಬಂದಿಲ್ಲಲ್ಲ. ಹಳಿಯಾಳಾದ್ರ ಮುಂಜಾನೆ ಬಸ್ಸಿಗೆ ಹೋಗಿ ಸಂಜಿ ಬಸ್ಸಿಗೆ ಬರಬಹುದು. ಮನ್ಯಾಗೂ ಆಸರಾಗತೈತಿ."

"ಹಂಗ ಹೇಳು! ವೈನಿ ಬಾಣಂತನಕ್ಕ ನಾ ಬೇಕು. ಅದನ್ನ ಸುತ್ತುಬಳಸಿ ಹಳಿಯಾಳದ ಮ್ಯಾಲೆ ಯಾಕ ತರ್ತಿ?"

"ಬೇಕು! ಏನೀಗ?" ಪರಸಪ್ಪ ತಟ್ಟೆ ಸರಿಸಿದ. "ನಿನ್ನ ಓದಿಗೆ ಅಂತ ನಾ ಹತ್ತೊಂಬತ್ತನೇ ವಯಸ್ಸಿಗೆ ಯಾರ್ಡಿನ್ಯಾಗ ಬಿದಿರು ಹೊರಾಕ ಹೋದೆ. ಮೂರು ತಿಂಗಳು ಮನೀಗೆ ಆಸರಾಗು ಅಂದ್ರ ತಪ್ಪಾತೇನ?"

ಅಣ್ಣ ಹೇಳಿದ್ದು ಸುಳ್ಳಲ್ಲ, ಅದೇ ಕಾಶೆವ್ವನಿಗೆ ಹೆಚ್ಚು ಉರಿ ತಂದಿದ್ದು. ಗೋದುಬಾಯಿ ಗೋಡೆಗೆ ಒರಗಿ ಕೂತಲ್ಲಿಂದಲೇ ಹೇಳಿದಳು: "ಅಕೀಗೆ ಅನ್ನಬ್ಯಾಡ್ರಿ. ನನ್ನ ಬಾಣಂತನ ಹೆಂಗರ ಆಗತೈತಿ. ಚಾಳಿನ್ಯಾಗ ಹೆಂಗಸರು ಸತ್ತಿಲ್ಲ."

"ನೀ ಸುಮ್ಮನಿರು."

"ಯಾಕ ಸುಮ್ಮನಿರಲಿ? ಬಸುರಿ ನಾನು."

ಕಾಶೆವ್ವ ಮರುದಿನವೇ ಹಳಿಯಾಳಕ್ಕೆ ಕಾರ್ಡು ಬರೆದು, ಕೆಲಸ ಬೇಡ ಎಂದಳು. ಅದನ್ನು ತಾನೇ ನಡೆದುಹೋಗಿ ಡಬ್ಬಿಗೆ ಹಾಕಿ ಬಂದಳು. ಪರಸಪ್ಪ ಎಂಟು ದಿನ ಅವಳೊಡನೆ ಮಾತು ಬಿಟ್ಟ.

ಜೂನ್ ಹದಿನೈದು ಬಂತು, ಹೋಯಿತು. ಮಳೆ ಹಿಡಿಯಿತು. ಕಾಳಿ ನದಿ ಕೆಂಪಗೆ ತುಂಬಿ, ಕೋಗಿಲಬನದ ಕಡೆಯಿಂದ ಹಾಲು ತರುವವಳು ಬರುವುದು ನಿಂತಿತು. ಅಲ್ಲಾಸಾಬ ತಲೆಗೆ ಗೋಣಿತಾಟು ಹಾಕಿಕೊಂಡು ಚಾಳಿನ ಮುಂದೆ ಹಾಯ್ದು ಹೋಗುವನು. ಕಾಶೆವ್ವ ಬಾಗಿಲಲ್ಲಿ ನಿಂತಿದ್ದರೆ ದೂರದಿಂದಲೇ ಕೈ ಅಲ್ಲಾಡಿಸುವನು. ಸೇರಬೇಕಾದ ದಿನ, ಹಾಸ್ಟೆಲಿನ ಕೋಣೆ, ಏನಾದರೂ ತಿಳಿಸಬೇಕಲ್ಲ? ಟ್ರಂಕಿಗೆ ಬಟ್ಟೆ ಹಾಕುವಳು, ತೆಗೆಯುವಳು. ಮನೆಯಲ್ಲಿ ನಿಶ್ಚಿಂತೆಯಿಂದಿದ್ದವನು ಮಲಕಪ್ಪ ಒಬ್ಬನೇ.

"ಬರತೈತಿ ತಗೋ," ಎಂದ ಅವನು ಇಪ್ಪತ್ತೆರಡನೇ ತಾರೀಖಿನ ಬೆಳಗ್ಗೆ, ಚಹಾದ ಬಟ್ಟಲು ಕೈಯಲ್ಲಿ ಹಿಡಿದು. "ದೊಡ್ಡ ಮಂದಿ. ಎರಡನೇ ಸಲ ಬರಿಯಾಕ ನಾಕು ದಿನ ಹೆಚ್ಚು ತಗೊಂಡಾರು."

"ಎರಡನೇ ಸಲ ಯಾಕ ಬರೀತಾರ? ಒಮ್ಮೆ ಬರದಾರಲ್ಲ. ನೀ ಹೂಂ ಅಂತ ಬರದಿ. ಮುಗೀತಲ್ಲ?"

ಮಲಕಪ್ಪ ಮಗಳ ಕಡೆ ಕರುಣೆಯಿಂದ ನೋಡಿದ. ಇಷ್ಟು ಓದಿಯೂ ಲೋಕದ ರೀತಿ ತಿಳಿಯದಲ್ಲ ಎಂಬಂತೆ. "ಮೊದಲನೇ ಸಲಕ್ಕ ಯಾರರ ಹೂಂ ಅಂತಾರೇನವಾ?"

"ಅಪ್ಪಾ, ಏನ ಬರದೀ?"

ಅವನಿಗೆ ಅದು ಬಾಯಿಪಾಠವಿತ್ತು. ಬಟ್ಟಲು ಕೆಳಗಿಟ್ಟು, ಕಾಲು ಮಡಚಿ ಕೂತು, ಗಂಟಲು ಸರಿಮಾಡಿಕೊಂಡು ಹೇಳಿದ: "ತಾವು ನಮ್ಮ ಹುಡುಗಿಯನ್ನು ಮೆಚ್ಚಿದ್ದು ನಮ್ಮ ಭಾಗ್ಯ. ಆದರೆ ಹುಡುಗಿ ಇನ್ನೂ ಸಣ್ಣವಳು. ಊರು ದೂರ. ಹಿರಿಯರ ಮನಸ್ಸು ಸದ್ಯಕ್ಕೆ ಒಪ್ಪುವುದಿಲ್ಲ. ತಮ್ಮಂಥ ದೊಡ್ಡವರಿಗೆ ಇನ್ನೂ ಯೋಗ್ಯರಾದವರು ಸಿಗಲಿ ಎಂದು ಹಾರೈಸುತ್ತೇವೆ."

ಪರಸಪ್ಪ ಹೊದಿಕೆ ತೆಗೆದು ಎದ್ದು ಕೂತ.

"ಇದು ಬ್ಯಾಡ ಅಂತ ಬರದಂಗ ಆತಲ್ಲಪಾ," ಎಂದ ಅವನು.

"ಹಂಗ ಬರಿಯೂದು ಅದನ್ನ! ನಿನ್ನ ಮದುವೀಗೆ ಖಾನಾಪುರದವರು ನಮಗ ಹಿಂಗ ಬರದಿದ್ರು, ಮರತಿ? ನಾವು ಮತ್ತ ಹೋಗಿ ಕೇಳಲಿಲ್ಲೇನ? ಕೇಳಿದ ಮ್ಯಾಲೆ ಸಂತೋಷದಿಂದ ಕೊಟ್ರು. ಬೇಕಾದವರು ಮತ್ತ ಕೇಳ್ತಾರ. ಆವಾಗ ಹುಡುಗೀಗೂ ತೂಕ, ಮನೆತನಕ್ಕೂ ತೂಕ."

"ಅಪ್ಪಾ, ಅದು ಸಂಬಂಧ ಅಲ್ಲಾ! ನೌಕರಿ!" ಕಾಶೆವ್ವನ ದನಿ ಚಾಳಿನ ಕೊನೆಯ ಮನೆಗೂ ಕೇಳಿಸಿತು. "ಅವರು ಯಾಕ ಮತ್ತ ಕೇಳ್ತಾರ? ನನ್ನ ಹಿಂದ ನಿಂತಾವಗ ಕೊಡ್ತಾರ!"

"ಒದರಬ್ಯಾಡ," ಎಂದಳು ಮಹಾದೇವಕ್ಕ. "ನಿಮ್ಮಪ್ಪನ ತಪ್ಪಿಲ್ಲ. ಹಿಂಗ ಬರೀಬೇಕಂತ ನಾನೂ ಹೇಳಿದ್ದೆ. ಪರಸಪ್ಪನ ಬಂದು ಹೇಳಿದ್ದ. ಐದು ಮಂದಿ ಹಿರಿಯರು ಸಾಲಾಗಿ ಕುಂತಿದ್ರು, ಹುಡುಗೀನ ನಡುವ ಕುಂದರಸಿ ಪ್ರಶ್ನೆ ಕೇಳಿದ್ರು, ಚಾ ಕೊಟ್ರು, ಹೋಗ್ರಿ ಬರದು ತಿಳಸ್ತೇವಿ ಅಂದ್ರು ಅಂತ. ಮತ್ತ ಅದು ನೋಡಾಕ ಬಂದಂಗ ಅಲ್ದ ಏನ?"

ಪರಸಪ್ಪ ತಲೆ ತಗ್ಗಿಸಿದ. ಅವನು ಹೇಳಿದ್ದು ಹಾಗೆಯೇ.

ಮಹಾದೇವಕ್ಕನ ದನಿ ಇಳಿಯಿತು. "ನನ್ನ ಕೇಳಾಕ ಬಂದಾಗ ನಮ್ಮಪ್ಪ ನಿಂತ ಕಾಲ ಮ್ಯಾಲೆ ಹೂಂ ಅಂದಿದ್ದ. ನಮ್ಮತ್ತಿ ಇಪ್ಪತ್ತೆರಡು ವರ್ಷ ಅದನ್ನ ಅಂದಳು. ಕೇಳಿದ ಕೂಡಲೆ ದಬ್ಬಿದ್ರು, ಮನ್ಯಾಗ ಹೆಚ್ಚಾಗಿದ್ದಿ ನೀನು ಅಂತ. ಉಂಡರ ಅನ್ನಾಕಿ, ಉಣದಿದ್ರ ಅನ್ನಾಕಿ. ಇವ ಅದನ್ನ ಕಣ್ಣಿಲೆ ನೋಡ್ಯಾನ. ನಿನಗ ಮುಂಬಯಿಯೊಳಗ ಯಾರೂ ಹಂಗ ಅನಬಾರದು ಅಂತ ಬರದ."

ಕಾಶೆವ್ವನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಬೈಯಲು ಬಾಯಿ ತೆರೆದರೆ ಬೈಯುವುದಕ್ಕೆ ಒಬ್ಬರೂ ಕೈಗೆ ಸಿಗುತ್ತಿರಲಿಲ್ಲ. ಕೊಡೆ ಕೂಡ ಹಿಡಿಯದೆ ಅಂಚೆ ಕಚೇರಿಗೆ ಓಡಿದಳು. ಮಲಕಪ್ಪ ಚಪ್ಪಲಿ ಮೆಟ್ಟಿಕೊಳ್ಳದೆ ಹಿಂದೆಯೇ ಬಂದ. "ತಂದೆಯ ಸಮ್ಮತಿ ಇದೆ, ಹಿಂದಿನ ಪತ್ರ ತಪ್ಪು ತಿಳಿವಳಿಕೆ" ಎಂದು ತಾರು ಕೊಟ್ಟಳು. ಅಪ್ಪ ಸಹಿ ಹಾಕುವಾಗ ಅವನ ಬೆರಳಿನ ನೀರು ಫಾರ್ಮಿನ ಮೇಲೆ ಬಿದ್ದು ಮಸಿ ಹರಡಿತು. ಇನ್ನೊಂದು ಫಾರ್ಮು ಬರೆಯಬೇಕಾಯಿತು.

ಐದನೇ ದಿನ ಉತ್ತರ ಬಂತು. ತುಂಬ ಸಭ್ಯವಾದ ಪತ್ರ. ತಮ್ಮ ತಂದೆಯವರ ಅಭಿಪ್ರಾಯವನ್ನು ಗೌರವಿಸಿ ಆ ಸ್ಥಾನವನ್ನು ಮೇ ಕೊನೆಯಲ್ಲೇ ಪಟ್ಟಿಯ ಮುಂದಿನವರಿಗೆ ಕೊಟ್ಟಿದ್ದೇವೆ, ಅವರು ಒಪ್ಪಿದ್ದಾರೆ. ಈ ವಿಷಯದಲ್ಲಿ ಇನ್ನು ಮೂರು ವರ್ಷ ಹೊಸ ಸ್ಥಾನವಿಲ್ಲ. ತಮ್ಮ ಲೇಖನವನ್ನು ನಾವೆಲ್ಲ ಬಹಳ ಮೆಚ್ಚಿದ್ದೆವು. ಕಾಶೆವ್ವ ಅದನ್ನು ಕನ್ನಡದಲ್ಲಿ ಒಮ್ಮೆ ಓದಿ, ಮಡಚಿ, ಅಪ್ಪನ ಮುಂದೆ ಇಟ್ಟು ನೀರಿಗೆ ಹೋದಳು. ಅಂದಿನಿಂದ ಅವನೊಡನೆ ಮಾತು ಬಿಟ್ಟಳು.

ಜುಲೈ ಒಂದರಂದು, ಮುಂಬಯಿಯಲ್ಲಿ ಹಾಜರಾಗಬೇಕಾಗಿದ್ದ ದಿನ, ಗೋದುಬಾಯಿಗೆ ಗಂಡು ಕೂಸು ಹುಟ್ಟಿತು. ಕಾಶೆವ್ವ ಬಿಸಿನೀರು ಕಾಯಿಸಿದಳು, ಖಾರ ಕುಟ್ಟಿದಳು, ಕೂಸಿನ ಬಟ್ಟೆ ಹಿಂಡಿ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದಳು. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಹೊಗೆಯ ವಾಸನೆ ಹಿಡಿಯುತ್ತದೆ. ಅಪ್ಪನಿಗೆ ಊಟ ಬಡಿಸುವಳು. ಸಾಕೋ ಬೇಕೋ ಕೇಳುವುದಿಲ್ಲ. ಪರಸಪ್ಪ ಮಾತ್ರ ಈಗ ಮೆತ್ತಗಾಗಿದ್ದ. ನೀರಿನ ಕೊಡ ತಾನೇ ಹೊತ್ತು ತರುವನು, ಚಾಳಿನವರು ನಕ್ಕರೆ ಅವರನ್ನೇ ಬೈಯುವನು.

"ಹಳಿಯಾಳಕ್ಕ ಮತ್ತೊಮ್ಮೆ ಕೇಳಿ ಬರ್ಲೇನ?" ಎಂದ ಒಂದು ದಿನ.

"ಅಲ್ಲಿ ಬ್ಯಾರೆಯವರು ಬಂದಾರ. ನಾ ಆಗಲೇ ಕೇಳೇನಿ."

"ಎಲ್ಲಾ ಕಡೆ ಮಂದಿ ಭಾಳ ಲಗೂ ಬರ್ತಾರಲ್ಲ," ಎಂದ ಪರಸಪ್ಪ ಸಂಕಟದಿಂದ. ಬಾಣಂತಿಯ ಕೋಣೆಯಿಂದ ಗೋದುಬಾಯಿ ಫಕ್ಕನೆ ನಕ್ಕಳು. ಕಾಶೆವ್ವನಿಗೂ ತಡೆಯದೆ ನಗು ಬಂತು, ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕೂಸಿನ ಹನ್ನೆರಡನೇ ದಿನ ಕಳೆದ ಮೇಲೆ ಅವಳು ಧಾರವಾಡಕ್ಕೆ ಹೋದಳು. ಇನಾಮದಾರ ಸರ್ ಅವಳ ಮಾತನ್ನೆಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲೆ ಬಹಳ ಹೊತ್ತು ತಿರುಗಿಸಿದರು.

"ನಿಮ್ಮ ತಂದೀಗೆ ಬೈಯಬೇಕಂದ್ರೂ ಬೈಯಾಕ ಬರೂದಿಲ್ಲ," ಎಂದರು. "ನನಗ ಸಿಟ್ಟು ಬರ್ತದ. ನಿನಗಿಂತಾ ಹೆಚ್ಚು ಬರ್ತದ. ಇಪ್ಪತ್ತು ವರ್ಷದಾಗ ನಾ ನಿನ್ನೊಬ್ಬಾಕೀನ ಅಲ್ಲಿಗೆ ಕಳಸಿದ್ದೆ."

"ಈಗ ನಾ ಏನ ಮಾಡ್ಲಿ ಸರ್?"

"ಇಲ್ಲೇ ಪಿಎಚ್.ಡಿ.ಗೆ ಹೆಸರು ಹಚ್ಚು. ಸ್ಕಾಲರ್‌ಶಿಪ್ ಇಲ್ಲ. ಹೊಸ ಪತ್ರಿಕೆಗಳು ಇಲ್ಲಿಗೆ ಎರಡು ವರ್ಷ ತಡಾ ಮಾಡಿ ಬರ್ತಾವ, ಕೆಲವು ಬರೂದ ಇಲ್ಲ. ನೀ ಮಾಡೂ ಲೆಕ್ಕಾ ರಷ್ಯಾದಾಗ ಆಗಲೇ ಯಾರೋ ಮಾಡಿ ಮುಗಿಸಿದ್ದು ನಿನಗ ತಿಳಿಯೂದಿಲ್ಲ. ಹಂಗ ಮಾಡಬೇಕು. ನಾ ಹಂಗ ಮಾಡಿದೆ." ಅವರು ಕನ್ನಡಕ ಹಾಕಿಕೊಂಡರು. "ಹೊಟ್ಟೀಗೆ ಒಂದು ನೌಕರಿ ನೋಡಿಕೋ. ಮುಂಡಗೋಡದ ಸಾಲ್ಯಾಗ ಒಂದು ಜಾಗಾ ಐತಂತ, ಐದನೇ ಆರನೇತ್ತಾ ಮಕ್ಕಳಿಗೆ ಅಂಕಗಣಿತ."

ಐದನೇತ್ತೆಯ ಅಂಕಗಣಿತ. ಬಡ್ಡಿ, ಸರಾಸರಿ, ನೀರಿನ ಹೌದಿಗೆ ಎರಡು ನಳ. ಕಾಶೆವ್ವ ಅಲ್ಲೇ ಕೂತು ಅರ್ಜಿ ಬರೆದಳು. ದಾಂಡೇಲಿಗೆ ಮರಳಿದಾಗ ಅಪ್ಪ ಮನೆಯಲ್ಲಿರಲಿಲ್ಲ. ರಜೆ ಹಾಕಿ ಕುಂದಗೋಳದ ಹತ್ತಿರದ ತಮ್ಮ ಹಳ್ಳಿಗೆ ಹೋಗುತ್ತೇನೆ, ಹೊಲದ ಪಾಲಿನ ವಿಷಯ ಎಂದು ಹೇಳಿ ಹೋಗಿದ್ದನಂತೆ. ಹೋಗಲಿ, ಎರಡು ದಿನ ಮುಖ ನೋಡುವುದು ತಪ್ಪಿತು ಎಂದುಕೊಂಡಳು. ಮುಂಡಗೋಡದಿಂದ ಕೂಡಲೇ ಬಾ ಎಂದು ಕಾರ್ಡು ಬಂತು. ಆ ಊರಿಗೆ ಲೆಕ್ಕದ ಅಕ್ಕೋರು ಯಾರೂ ಬರುವುದಿಲ್ಲವಂತೆ.

ಎಂಟನೇ ದಿನದ ಮಧ್ಯಾಹ್ನ ಮಲಕಪ್ಪ ಬಂದ. ಗಡ್ಡ ಬೆಳೆದಿತ್ತು. ಧೋತರ ಮೊಳಕಾಲಿನವರೆಗೆ ಕೆಸರಾಗಿತ್ತು. ಸ್ನಾನ ಮಾಡಿ ಊಟಕ್ಕೆ ಕೂತ. ಮಹಾದೇವಕ್ಕ ಹಿಂದಿನ ಪಡಸಾಲೆಯಲ್ಲಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಬಡಿಸಲು ಕಾಶೆವ್ವನೇ ಬರಬೇಕಾಯಿತು. ಅವಳು ತಟ್ಟೆಗೆ ಅನ್ನ ಹಾಕಿ, ಸಾರಿನ ಸೌಟು ಹಿಡಿದು ನಿಂತಳು.

"ನಾ ಊರಿಗೆ ಹೋಗಿರಲಿಲ್ಲ," ಎಂದ ಮಲಕಪ್ಪ, ತಟ್ಟೆಯನ್ನೇ ನೋಡುತ್ತ. "ಮುಂಬಯಿಗೆ ಹೋಗಿದ್ದೆ."

ಸೌಟು ಅಲ್ಲೇ ನಿಂತಿತು.

"ಮೂರು ದಿನ ಅವರ ಬಾಗಲದಾಗ ಕುಂತೆ. ನಾಕನೇ ದಿನ ದೊಡ್ಡ ಸಾಹೇಬರು ಒಳಗ ಕರದ್ರು. ಬೆಳಗಾವಿ ಕಡೆಯ ಜವಾನ ಒಬ್ಬ ಇದ್ದ, ನಾ ಹೇಳಿದ್ದನ್ನ ಅವ ಅವರಿಗೆ ತಿಳಿಸಿ ಹೇಳಿದ. ತಪ್ಪು ನಂದು ಅಂದೆ. ಕಾಲಿಗೆ ಬಿದ್ದೆ. ಅವರು ಗಾಬರಿಯಾಗಿ ಎದ್ದ ನಿಂತ್ರು. ಒಳ್ಳೆ ಮನುಷ್ಯಾ. ಬಂದು ಸೇರಿದ ಹುಡುಗನ್ನ ಹೆಂಗ ಹೊರಗ ಹಾಕಲಿ, ನೀವ ಹೇಳ್ರಿ ಅಂದ್ರು. ಅದೂ ಖರೇನ ಐತಿ."

"ಹಂಗಾರ ನನ್ನ ಮಗಳು ಕುಂದ್ರೂ ಜಾಗಾನರ ತೋರಿಸ್ರಿ ಅಂದೆ. ಕರಕೊಂಡು ಹೋಗಿ ತೋರಿಸಿದ್ರು." ಮಲಕಪ್ಪ ತಲೆ ಎತ್ತಿದ. ಅವನ ಎಂಜಲು ಕೈ ಗಾಳಿಯಲ್ಲಿ ಅಳತೆ ತೋರಿಸಿತು. "ಮೇಜು ಇಷ್ಟು ಅಗಲ ಐತವಾ, ಈ ಗ್ವಾಡಿಯಿಂದ ಆ ಚೌಕಟ್ಟಿನ ತನಕ. ಎದುರಿಗೆ ಗ್ವಾಡಿ ತುಂಬ ಕರೀ ಹಲಗಿ. ಬರಿಯೂ ಖಡು ಇಡಾಕ ಒಂದು ಹಲಗಿ ಬ್ಯಾರೆ. ದೊಡ್ಡ ಕಿಡಕಿ, ಕಿಡಕಿಯಿಂದ ಸಮುದ್ರ ಕಾಣತೈತಿ. ಬಾಗಲಾ ಹಾಕಿದ್ರ ಒಂದು ಸಪ್ಪಳ ಇಲ್ಲ. ನಾ ಒಳಗ ಹೋಗಿ ಬಾಗಲಾ ಹಾಕಿ ನೋಡಿದೆ. ಒಂದೂ ಸಪ್ಪಳ ಇಲ್ಲ."

"ಸಾಕು ಅಪ್ಪಾ."

"ಪುಸ್ತಕದ ಮನಿ ಬ್ಯಾರೆ ಐತಿ. ಇಡೀ ದಿನ ಕುಂತ್ರೂ ಯಾರೂ ಏಳು ಅನ್ನೂದಿಲ್ಲಂತ. ಚಾ ಅವರ ತಂದು ಕೊಡ್ತಾರ..."

"ಆ ಹುಡುಗ ಏನ ಮಾಡಾಕತ್ತಿದ್ದ?"

ಮೂರು ವಾರ ಕಳೆದ ಮೇಲೆ ಮಗಳು ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಮಲಕಪ್ಪ ಸುಳ್ಳು ಹೇಳಬಹುದಿತ್ತು. ಅವನಿಗೆ ಹೊಳೆಯಲಿಲ್ಲ.

"ಕಿಡಕಿಯೊಳಗಿಂದ ಹೊರಗ ನೋಡಕೋತ ಕುಂತಿದ್ದ," ಎಂದ.

ಕಾಶೆವ್ವನ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ತಟ್ಟೆಗೆ ಸಾರು ಸುರಿದಳು, ಸುತ್ತಲೂ ಚೆಲ್ಲಿತು.

"ನಾಳೆ ನಾ ಮುಂಡಗೋಡಕ್ಕ ಹೋಗ್ತೇನಿ," ಎಂದಳು. "ಅಲ್ಲೇ ಒಂದು ಖೋಲಿ ಹಿಡೀತೇನಿ. ರಜಾ ಇದ್ದಾಗ ಧಾರವಾಡಕ್ಕ ಹೋಗಿ ಸರ್ ಹತ್ತಿರ ಕೆಲಸಾ ಮಾಡ್ತೇನಿ. ಮೂರು ವರ್ಷ ಆದ ಮ್ಯಾಲೆ ಮುಂಬಯಿಗೆ ಮತ್ತ ಅರ್ಜಿ ಹಾಕ್ತೇನಿ. ನನ್ನ ಹೆಸರಿಗೆ ಬಂದ ಪತ್ರಾ ಇನ್ನ ಈ ಮನ್ಯಾಗ ಯಾರೂ ಮುಟ್ಟಬಾರದು."

"ಆಗ್ಲಿ," ಎಂದ ಮಲಕಪ್ಪ. ಅನ್ನ ಕಲೆಸಿದ. ಆಮೇಲೆ ಅಳುಕುತ್ತ ಕೇಳಿದ: "ಅವರು ಮತ್ತ ತಂದಿ ಸಹಿ ಕೇಳಿದ್ರ?"

"ತಂದಿ ತಾಯಿ ಇಬ್ಬರೂ ಇಲ್ಲಂತ ಬರೀತೇನಿ."

ಮಾತು ಬಾಯಿಂದ ಬಿದ್ದ ಕ್ಷಣವೇ ಅವಳಿಗೆ ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ಎಳೆದುಕೊಳ್ಳಲಿಲ್ಲ. ಪಡಸಾಲೆಯಿಂದ ಮಹಾದೇವಕ್ಕ ಎಣ್ಣೆಯ ಕೈಯಲ್ಲೇ ಎದ್ದು ಬಂದಳು. "ಏನಂದಿ? ಕುಂತು ಉಣ್ಣಾಕತ್ತಾವನ ಮುಂದ ಏನಂದಿ ನೀ? ನಾಲಿಗಿ ಹೆಂಗ ಬಂತ ನಿನಗ?"

ಮಲಕಪ್ಪ ಎಡಗೈ ಎತ್ತಿ ಅಕ್ಕನನ್ನು ತಡೆದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಆ ಮಾತನ್ನು ಅವನು ಬೇರೆಯೇ ರೀತಿಯಲ್ಲಿ ತೂಗಿ ನೋಡುತ್ತಿದ್ದ.

"ಹಂಗ ಬರದ್ರ ಅವರು ಕೊಡ್ತಾರೇನವಾ?" ಎಂದ ಮಗಳಿಗೆ. "ಕೊಡ್ತಾರಂದ್ರ ಬರಿ."

ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದ. ಕಾಶೆವ್ವ ಸೌಟು ಹಿಡಿದು ಅಲ್ಲೇ ನಿಂತಿದ್ದಳು.